ಎಪ್ಪತ್ತು ವರ್ಷದ ‘ಪುರಾತನ’ ಪೇಟೆ

ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಹೋಗುವ ಪ್ರವಾಸಿಗಳು ಮೊದಲು ನೋಡಬಯಸುವುದು ಅಲ್ಲಿನ ಹಳೆಯ ಪೇಟೆಯನ್ನು. ಕಲ್ಲು ಹಾಸಿದ ಚೌಕ, ಸುತ್ತಲೂ ಒಂದಕ್ಕೊಂದು ಅಂಟಿಕೊಂಡು ನಿಂತ ಕಿರಿದಾದ ಎತ್ತರದ ಮನೆಗಳು, ಗೋಡೆಗಳ ಮೇಲೆ ಬಣ್ಣದ ಚಿತ್ತಾರ, ಸ್ವಲ್ಪ ದೂರದಲ್ಲಿ ಅರಮನೆ. ಎಲ್ಲವೂ ಹದಿನೇಳು, ಹದಿನೆಂಟನೇ ಶತಮಾನದ್ದೆಂದೇ ತೋರುತ್ತದೆ. ಆದರೆ ಈ ಮಾರುಕಟ್ಟೆ ಚೌಕ ಜನರಿಗೆ ತೆರೆದದ್ದು 1953ರ ಜುಲೈ 22ರಂದು. ಅರಮನೆ ಅದಕ್ಕಿಂತಲೂ ಹೊಸದು. ಅದು ಸಾರ್ವಜನಿಕರಿಗೆ ತೆರೆದುಕೊಂಡದ್ದು 1984ರಲ್ಲಿ.

ಯುರೋಪಿನ ಪ್ರವಾಸದಲ್ಲಿ ಇಂಥ ಅಚ್ಚರಿಗಳು ಹಲವು ಕಡೆ ಎದುರಾಗುತ್ತವೆ. ವೆನಿಸ್ ನಗರದ ಸಂತ ಮಾರ್ಕನ ಚೌಕದಲ್ಲಿರುವ ಗಂಟೆ ಗೋಪುರ 1902ರ ಜುಲೈ 14ರ ಬೆಳಿಗ್ಗೆ ತಾನಾಗಿಯೇ ಕುಸಿದು ಬಿತ್ತು. ‘ಇದ್ದಲ್ಲಿಯೇ, ಇದ್ದಂತೆಯೇ’ ಕಟ್ಟುತ್ತೇವೆಂದು ಊರಿನವರು ಪಟ್ಟು ಹಿಡಿದು 1912ರಲ್ಲಿ ಕಟ್ಟಿ ಮುಗಿಸಿದರು. ಇಂದಿನ ಪ್ರವಾಸಿಗಳ ಫೋಟೊಗಳಲ್ಲಿ ಕಾಣುವುದು ಈ ಎರಡನೆಯ ಗೋಪುರ. ಬೋಸ್ನಿಯದ ಮೊಸ್ತಾರ್ ಊರಿನ ಕಲ್ಲಿನ ಕಮಾನು ಸೇತುವೆ 1566ರದ್ದು. 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಸಿಕ್ಕಿ ನದಿಗೆ ಬಿದ್ದ ಅದನ್ನು ಮತ್ತೆ ಕಟ್ಟಿ 2004ರಲ್ಲಿ ತೆರೆಯಲಾಯಿತು.

ಹಳೆಯ ಗುಡಿಯನ್ನು ಬಿಚ್ಚಿ ಮತ್ತೆ ಕಟ್ಟಿಸಿ ‘ಜೀರ್ಣೋದ್ಧಾರ’ ಎಂದು ಕರೆಯುವ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಯುರೋಪಿನ ಪುರಾತತ್ವ ಪಂಡಿತರಿಗೆ ಮಾತ್ರ ಇದು ದೊಡ್ಡ ತಕರಾರಿನ ವಿಷಯ. ಹಳೆಯ ಕಟ್ಟಡವೊಂದು ದಾಖಲೆ ಇದ್ದಂತೆ. ಅದನ್ನು ಉಳಿಸಬಹುದೇ ಹೊರತು ಹೊಸದಾಗಿ ಬರೆಯುವಂತಿಲ್ಲ ಎಂಬುದು ಅವರ ವಾದ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನ ಪ್ರಕಾರ, ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ದುರಸ್ತಿ ಕೆಲಸ ನಿಲ್ಲಬೇಕು. ಸೋಜಿಗವೆಂದರೆ, ಆ ಸನ್ನದನ್ನು ರೂಪಿಸಿದವರ ಪಟ್ಟಿಯಲ್ಲಿ ವಾಸ್ತುಶಿಲ್ಪಿ ಯಾನ್ ಜಖ್ವತೊವಿಚ್ ಅವರ ಹೆಸರೂ ಇದೆ. ವಾರ್ಸಾದ ಹಳೆಯ ಪೇಟೆಯನ್ನು ನೆಲಮಟ್ಟದಿಂದ ಮತ್ತೆ ಎಬ್ಬಿಸಿದವರಲ್ಲಿ ಅವರೇ ಪ್ರಮುಖರು.

ಅವರು ಹಾಗೇಕೆ ಮಾಡಿದರು ಎಂದು ತಿಳಿಯಲು 1944ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್ 1ರಂದು ವಾರ್ಸಾದ ಭೂಗತ ಸೈನ್ಯ ಜರ್ಮನ್ ಆಕ್ರಮಣಕಾರರ ವಿರುದ್ಧ ದಂಗೆ ಎದ್ದಿತು. 63 ದಿನಗಳ ಹೋರಾಟದಲ್ಲಿ ಒಂದೂವರೆ ಲಕ್ಷದಿಂದ ಎರಡು ಲಕ್ಷದಷ್ಟು ನಾಗರಿಕರು ಸತ್ತರೆಂದು ಅಂದಾಜು. ದಂಗೆ ಅಡಗಿತು. ಉಳಿದ ಜನರನ್ನು ಊರಿನಿಂದ ಹೊರಗಟ್ಟಿದರು. ಯುದ್ಧ ಅಲ್ಲಿಗೆ ಮುಗಿದಿತ್ತು, ನಾಶ ಮುಗಿದಿರಲಿಲ್ಲ. ಖಾಲಿ ಊರಿನೊಳಗೆ ಜರ್ಮನ್ ತುಕಡಿಗಳು ಬೀದಿ ಬೀದಿಗೆ ಬೆಂಕಿ ಇಟ್ಟವು. ಗ್ರಂಥಾಲಯ, ಅರಮನೆ, ಪತ್ರಾಗಾರಗಳನ್ನು ಒಂದೊಂದಾಗಿ ಸುಟ್ಟು, ಸಿಡಿಸಿ ಉರುಳಿಸಿದವು. ಯುದ್ಧ ಮುಗಿಯುವ ಹೊತ್ತಿಗೆ ನಗರದ ಶೇ. 80ಕ್ಕೂ ಹೆಚ್ಚು ಭಾಗ ನಾಶವಾಗಿತ್ತು. ಇದು ಕಾದಾಟದ ನಡುವೆ ಆದ ಹಾನಿಯಲ್ಲ. ಒಂದು ಜನಾಂಗದ ನೆನಪನ್ನೇ ಅಳಿಸುವ ಉದ್ದೇಶದಿಂದ ಮಾಡಿದ ಕೆಲಸ. ಆದ್ದರಿಂದಲೇ ಜಖ್ವತೊವಿಚ್ ಮತ್ತು ಅವರ ಜೊತೆಗಾರರಿಗೆ ಪಂಡಿತರ ನಿಯಮ ಇಲ್ಲಿ ಸಲ್ಲದು ಅನ್ನಿಸಿತು. ಕಟ್ಟದೆ ಬಿಟ್ಟರೆ ಅಳಿಸಿದವರೇ ಗೆದ್ದಂತೆ ಎಂಬುದು ಅವರ ನಿಲುವು.

ಕಟ್ಟಬೇಕೆಂದರೆ ಇದ್ದದ್ದು ಹೇಗಿತ್ತೆಂದು ತಿಳಿದಿರಬೇಕಲ್ಲ? ಪೇಟೆಯನ್ನು ಹಳೆಯ ವರ್ಣಚಿತ್ರಗಳನ್ನು ನೋಡಿಕೊಂಡು ಕಟ್ಟಿದರು ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹದಿನೆಂಟನೇ ಶತಮಾನದಲ್ಲಿ ಪೋಲೆಂಡಿನ ದೊರೆಯ ಆಸ್ಥಾನ ಚಿತ್ರಕಾರನಾಗಿದ್ದ ಇಟಲಿಯ ಬೆರ್ನಾರ್ಡೊ ಬೆಲ್ಲೊಟ್ಟೊ ನಗರದ ಬೀದಿಗಳನ್ನು ಬಹಳ ಸೂಕ್ಷ್ಮವಾಗಿ ಚಿತ್ರಿಸಿದ್ದ. ಅರಮನೆಯ ಮುಂದಿನ ರಾಜಬೀದಿಯ ಸೌಧಗಳಿಗೆ, ಚರ್ಚುಗಳಿಗೆ ಆ ಚಿತ್ರಗಳು ನೆರವಾದವು. ಆತನೂ ಕಲಾವಿದನೇ ತಾನೆ, ಅಂದಕ್ಕೆಂದು ಅಲ್ಲಲ್ಲಿ ತನ್ನ ಕೈಚಳಕ ಸೇರಿಸಿದ್ದ. ಹಳೆಯ ಪೇಟೆಯ ಮನೆಗಳಿಗೆ ನಿಜವಾಗಿ ಆಧಾರವಾದದ್ದು ವಾರ್ಸಾ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಯುದ್ಧಕ್ಕೆ ಮುಂಚೆ ಅಳತೆಪಟ್ಟಿ ಹಿಡಿದು ಬರೆದಿಟ್ಟಿದ್ದ ನಕ್ಷೆಗಳು. ಜರ್ಮನ್ ಆಡಳಿತದ ಕಾಲದಲ್ಲೂ ಈ ಕೆಲಸ ಗುಟ್ಟಾಗಿ ನಡೆದಿತ್ತು. ದಂಗೆಯ ನಂತರ ಆ ನಕ್ಷೆಗಳನ್ನು ಊರಿನಿಂದ ಸಾಗಿಸಿ ಪಿಯೊತ್ರ್‌ಕೂಫ್ ಎಂಬಲ್ಲಿನ ಕ್ರೈಸ್ತ ಮಠವೊಂದರಲ್ಲಿ ಬಚ್ಚಿಟ್ಟರು. ಪುನರ್ನಿರ್ಮಾಣ ಕಚೇರಿಯ ಕಡತಗಳು 2011ರಲ್ಲಿ ಯುನೆಸ್ಕೊದ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿದವು. ಕಟ್ಟಡಗಳಿಗೆ ಸಿಗುವ ಮರ್ಯಾದೆ ಕಾಗದಗಳಿಗೂ ಸಿಕ್ಕಿದ್ದು ನ್ಯಾಯವೇ.

ಇಷ್ಟೆಲ್ಲ ನಕ್ಷೆಗಳಿದ್ದರೂ ಕಟ್ಟಿದ್ದು 1939ರಲ್ಲಿ ಇದ್ದ ಪೇಟೆಯನ್ನಲ್ಲ. ಯುದ್ಧಕ್ಕೆ ಮುಂಚೆ ಹಳೆಯ ಪೇಟೆ ಬಡವರು ಇಕ್ಕಟ್ಟಿನಲ್ಲಿ ಬಾಳುತ್ತಿದ್ದ ಜಾಗ. ಹತ್ತೊಂಬತ್ತನೇ ಶತಮಾನದಲ್ಲಿ ಹಿತ್ತಲುಗಳಲ್ಲಿ ಎದ್ದಿದ್ದ ಕಟ್ಟಡಗಳನ್ನು ಕೈಬಿಟ್ಟು ಗಾಳಿ ಬೆಳಕಿಗೆ ಅಂಗಳ ಬಿಟ್ಟರು. ಹೊರಗೆ ಹದಿನೆಂಟನೇ ಶತಮಾನದ ಮುಖ, ಒಳಗೆ ಇಪ್ಪತ್ತನೇ ಶತಮಾನದ ಫ್ಲಾಟು. ಮುಂಗೋಡೆಗಳ ಚಿತ್ತಾರಗಳಲ್ಲಿ ಬಹಳಷ್ಟು 1953ರ ಕಲಾವಿದರ ಹೊಸ ಕಲ್ಪನೆ. ಸಂತ ಜಾನ್ ಕ್ಯಾಥೆಡ್ರಲ್ಲಿನ ಕತೆ ಇನ್ನೂ ಸ್ವಾರಸ್ಯದ್ದು. ನಾಶವಾಗುವಾಗ ಅದಕ್ಕಿದ್ದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ಮಾದರಿಯಲ್ಲಿ ಕಟ್ಟಿದ ಮುಂಭಾಗ. ಅದನ್ನು ಬಿಟ್ಟು, ಮಧ್ಯಯುಗದಲ್ಲಿ ಹೀಗಿದ್ದಿರಬೇಕು ಎಂದು ಊಹಿಸಿ ಇಟ್ಟಿಗೆಯ ಗಾಥಿಕ್ ಮುಂಭಾಗ ಕಟ್ಟಿದರು. ವಿನ್ಯಾಸ ಜಖ್ವತೊವಿಚ್ ಅವರದೇ. ಊಹೆ ಶುರುವಾದಲ್ಲಿ ನಿಲ್ಲಿ ಎಂಬ ಸನ್ನದು ಬಂದದ್ದು ಆಮೇಲೆ ಅನ್ನಿ!

ಯುನೆಸ್ಕೊಗೂ ಇದು ಪೇಚಿಗೆ ತಂದಿತ್ತು. ಹೊಸದಾಗಿ ಕಟ್ಟಿದ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವುದು ಹೇಗೆ? ಕೊನೆಗೆ 1980ರಲ್ಲಿ, ಪುನರ್ನಿರ್ಮಾಣವೇ ಒಂದು ಐತಿಹಾಸಿಕ ಸಾಧನೆ ಎಂದು ಒಪ್ಪಿ ಸೇರಿಸಿಕೊಂಡಿತು. ಮೊಸ್ತಾರ್ ಸೇತುವೆ 2005ರಲ್ಲಿ ಅದೇ ಪಟ್ಟಿಗೆ ಬಂತು.

ಈ ಸಾಧನೆಗೆ ಬೆಲೆ ತೆತ್ತವರೂ ಇದ್ದಾರೆ. ಇಡೀ ದೇಶ ತನ್ನ ರಾಜಧಾನಿಯನ್ನು ಕಟ್ಟುತ್ತಿದೆ ಎಂಬುದು ಆಗಿನ ಕಮ್ಯುನಿಸ್ಟ್ ಸರ್ಕಾರದ ಘೋಷಣೆ. ಯುದ್ಧದ ನಂತರ ಜರ್ಮನಿಯಿಂದ ಪೋಲೆಂಡಿಗೆ ಬಂದ ವ್ರೊಟ್ಸ್‌ವಾಫ್‌ನಂಥ ನಗರಗಳಿಂದ ರೈಲುಗಟ್ಟಲೆ ಇಟ್ಟಿಗೆ ವಾರ್ಸಾಕ್ಕೆ ಬಂತು. ಅಲ್ಲಿ ದುರಸ್ತಿ ಮಾಡಬಹುದಾಗಿದ್ದ ಹಳೆಯ ಕಟ್ಟಡಗಳೂ ಇಟ್ಟಿಗೆಯ ಆಸೆಗೆ ಉರುಳಿದವು. ಒಂದು ಊರಿನ ಇತಿಹಾಸವನ್ನು ಎಬ್ಬಿಸಲು ಇನ್ನೊಂದು ಊರಿನದನ್ನು ಬಿಚ್ಚಿದಂತಾಯಿತು. ವಾರ್ಸಾದ ಪೋಸ್ಟ್‌ಕಾರ್ಡುಗಳಲ್ಲಿ ಈ ಮಾತು ಬರುವುದಿಲ್ಲ.

ಪೋಸ್ಟ್‌ಕಾರ್ಡುಗಳಲ್ಲಿ ಕಾಣದ ಇನ್ನೊಂದು ಜಾಗವೂ ಇದೆ. ಯುದ್ಧಕ್ಕೆ ಮುಂಚೆ ವಾರ್ಸಾದ ಜನಸಂಖ್ಯೆಯಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಯಹೂದಿಗಳು. ಹಳೆಯ ಪೇಟೆಯಿಂದ ನಡೆದೇ ಹೋಗಬಹುದಾದ ಮುರಾನೂಫ್ ಅವರ ಬಡಾವಣೆ. ನಾಜಿಗಳು ಅವರನ್ನು ಗೋಡೆ ಕಟ್ಟಿ ಕೂಡಿಹಾಕಿದ ಘೆಟ್ಟೊದ ದೊಡ್ಡ ಪಾಲು ಅಲ್ಲೇ ಇತ್ತು. 1943ರ ಏಪ್ರಿಲ್‌ನಲ್ಲಿ ಘೆಟ್ಟೊ ದಂಗೆ ಎದ್ದಿತು. ಅದನ್ನು ಹತ್ತಿಕ್ಕಿದ ಮೇಲೆ ಬಡಾವಣೆಯನ್ನೇ ನೆಲಸಮ ಮಾಡಿದರು, ನಗರದ ಮಹಾ ಸಿನಗಾಗ್ ಅನ್ನು ಮೇ 16ರಂದು ಸಿಡಿಸಿದರು. ಯುದ್ಧ ಮುಗಿದಾಗ ಈ ಬೀದಿಗಳನ್ನು ಇದ್ದಂತೆ ಕಟ್ಟುವ ಯೋಚನೆ ನಡೆಯಲಿಲ್ಲ. ಬಾಳಿ ಬದುಕಿದವರಲ್ಲಿ ಬಹುಪಾಲು ಜನ ಕೊಲೆಯಾಗಿದ್ದರು. ಸಿನಗಾಗ್ ಇದ್ದ ಜಾಗದಲ್ಲಿ ಈಗ ಗಾಜಿನ ನೀಲಿ ಕಟ್ಟಡವೊಂದು ನಿಂತಿದೆ.

ಮುರಾನೂಫ್‌ನಲ್ಲಿ ಅವಶೇಷ ಎಷ್ಟು ಬಿದ್ದಿತ್ತೆಂದರೆ ತೆಗೆದು ಹಾಕಲು ಆಗದೆ ಅದರ ಮೇಲೆಯೇ ಹೊಸ ವಸತಿಗಳನ್ನು ಕಟ್ಟಿದರು. ಅದೇ ಇಟ್ಟಿಗೆ ಪುಡಿ ಬೆರೆಸಿ ಗೋಡೆಗೂ ಬಳಸಿದರು. ಪೋಲೆಂಡಿನ ಯಹೂದಿಗಳ ಇತಿಹಾಸದ ವಸ್ತುಸಂಗ್ರಹಾಲಯ ಅಲ್ಲಿ 2013ರಲ್ಲಿ ಬಾಗಿಲು ತೆರೆಯಿತು. ಅದನ್ನು ನೋಡಿಕೊಂಡು ಪಕ್ಕದ ಬೀದಿಗಳಲ್ಲಿ ಅಡ್ಡಾಡುವವರಿಗೆ ಹಲವು ಮನೆಗಳು ರಸ್ತೆಗಿಂತ ಎತ್ತರದ ದಿಬ್ಬದ ಮೇಲೆ ಇರುವುದು ಕಾಣುತ್ತದೆ. ಬಾಗಿಲಿಗೆ ಹೋಗಲು ಮೆಟ್ಟಿಲು ಹತ್ತಬೇಕು. ಆ ದಿಬ್ಬವೇ ಹಳೆಯ ಮುರಾನೂಫ್.