ಕುಂದಾಪುರ ಕರಾವಳಿಯ ವ್ಯಾಪಾರ ಒಪ್ಪಂದಗಳು

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಅಳಿವೆ ಬಂದರುಗಳಿಂದ ಹೊರದೇಶಗಳಿಗೆ ನಡೆದ ವ್ಯಾಪಾರಕ್ಕೆ ಕಟ್ಟುಪಾಡು ಹಾಕಿದ ಕರಾರುಗಳು ಮತ್ತು ಅವುಗಳ ಸುತ್ತ ಎದ್ದ ವಾದ-ವಿವಾದಗಳ ಇತಿಹಾಸವಿದು. ಇದರ ಒಂದು ತುದಿಯಲ್ಲಿ 16ನೆಯ ಶತಮಾನದ ಪೋರ್ಚುಗೀಸ್ ರಹದಾರಿಯಿದೆ, ಇನ್ನೊಂದು ತುದಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಒಪ್ಪಂದವಿದೆ. ಐದು ಶತಮಾನಗಳಲ್ಲಿ ಸರಕು ಬದಲಾಯಿತು: ಮೊದಲು ಅಕ್ಕಿ ಮತ್ತು ಮೆಣಸು, ಈಗ ಸೀಗಡಿ ಮತ್ತು ಮೀನು. ಬದಲಾಗದೆ ಉಳಿದದ್ದು ಒಂದೇ ಪ್ರಶ್ನೆ. ಅಳಿವೆಯ ಬಾಗಿಲಲ್ಲಿ ದುಡಿಯುವವರ ಬದುಕನ್ನು ಕಟ್ಟಿಹಾಕುವ ಕಾಗದಕ್ಕೆ ರುಜು ಹಾಕುವವರು ಯಾರು, ಯಾರನ್ನು ಕೇಳಿ?

ನೆಲೆ

ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಅಳಿವೆಯ ಬಡಗಣ ದಡ ಗಂಗೊಳ್ಳಿಯದು, ತೆಂಕಣ ದಡ ಕೋಡಿಯದು. ಕುಂದಾಪುರ ಪೇಟೆಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿದ ಮರಳುನೆಲವೇ ಕೋಡಿ. ವಾರಾಹಿಯ ದಡದ ಬಸರೂರು ಇಲ್ಲಿಂದ ಸ್ವಲ್ಪ ಒಳಕ್ಕಿದೆ. ದಕ್ಷಿಣದಲ್ಲಿ, ಇಂದಿನ ಬ್ರಹ್ಮಾವರ ತಾಲೂಕಿನಲ್ಲಿ, ಬಾರ್ಕೂರು ಇದೆ. ಬಸರೂರಿಗೆ ಹೋಗುವ ಪ್ರತಿ ಹಡಗೂ ಈ ಅಳಿವೆಯನ್ನು ಹಾಯಲೇಬೇಕಿತ್ತು. ಹಾಗಾಗಿ ಅಳಿವೆ ಯಾರ ಕೈಯಲ್ಲಿದೆಯೋ ವ್ಯಾಪಾರವೂ ಅವರ ಕೈಯಲ್ಲಿತ್ತು.

ಅಕ್ಕಿ ಮತ್ತು ರಹದಾರಿ

ಕರಾವಳಿಯ ಮುಖ್ಯ ರಫ್ತು ಅಕ್ಕಿ. ಬೈಹುಲ್ಲನ್ನು ಹಾಸಿ, ಅದರಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು ಸುತ್ತಿ ಮಾಡಿದ ಮುಡಿಗಳು ಹೊಳೆಯ ದೋಣಿಗಳಲ್ಲಿ ಬಂದರಿಗೆ ಇಳಿದು, ಅಲ್ಲಿಂದ ಮಲಬಾರಿಗೆ, ಗೋವೆಗೆ, ಪರ್ಷಿಯಾ ಕೊಲ್ಲಿಗೆ ಹೋಗುತ್ತಿದ್ದವು. 16ನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ಬಣ್ಣಿಸಿದ ದುವಾರ್ತೆ ಬಾರ್ಬೋಸಾ ಬಸರೂರು ಮತ್ತು ಬಾರ್ಕೂರುಗಳ ಅಕ್ಕಿ ವ್ಯಾಪಾರವನ್ನು ಹೆಸರಿಸುತ್ತಾನೆ. ಬಸರೂರಿನ ವ್ಯವಹಾರದಲ್ಲಿ ಅಲ್ಲಿನ ಹಲರು ಮತ್ತು ಸೆಟ್ಟಿಕಾರರು ಎಂಬ ವರ್ತಕ ಸಂಘಟನೆಗಳಿಗೆ ದೊಡ್ಡ ಮಾತಿತ್ತು ಎಂಬುದಕ್ಕೆ ಶಾಸನಗಳೇ ಸಾಕ್ಷಿ.

ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರಿಗೆ ಈ ಅಕ್ಕಿಯಿಲ್ಲದೆ ದಿನ ಕಳೆಯುವಂತಿರಲಿಲ್ಲ. ಆದರೂ ಅವರು ಬರಿಯ ಗಿರಾಕಿಗಳಾಗಿ ಬರಲಿಲ್ಲ. ಕಡಲನ್ನೇ ತಮ್ಮದೆಂದು ಸಾರಿ, 'ಕರ್ತಾಜ್' ಎಂಬ ರಹದಾರಿ ಪದ್ಧತಿ ತಂದರು. ಅದು ಒಂದು ಹಾಳೆಯ ಕಾಗದ. ಹಡಗಿನ ಹೆಸರು, ಅದನ್ನು ನಡೆಸುವ ನಾಖುದನ ಹೆಸರು, ಆಳುಗಳು ಮತ್ತು ಆಯುಧಗಳ ಲೆಕ್ಕ, ಹೊರಟ ಬಂದರು, ಮುಟ್ಟಬೇಕಾದ ಬಂದರು, ಹೇರಬಾರದ ಸರಕು ಇವೆಲ್ಲ ಅದರಲ್ಲಿರುತ್ತಿದ್ದವು. ಕಾಗದದ ಶುಲ್ಕ ಅಲ್ಪ. ಆದರೆ ಅದನ್ನು ಪಡೆದವರು ಪೋರ್ಚುಗೀಸರ ಸುಂಕದ ಕಟ್ಟೆಗೆ ಹೋಗಿ ಸುಂಕ ತೆರಬೇಕಿತ್ತು. ಕಾಗದವಿಲ್ಲದ ಹಡಗು ಸರಕಿನ ಸಮೇತ ಜಪ್ತಿಯಾಗುತ್ತಿತ್ತು. ತಲೆತಲಾಂತರದಿಂದ ತಾವು ಓಡಾಡಿದ ಕಡಲಿನಲ್ಲೇ ಸಾಗಲು ಬಸರೂರಿನ ವರ್ತಕರು ದೂರದ ದೊರೆಯೊಬ್ಬನ ಅಪ್ಪಣೆ ಬೇಡಬೇಕಾಯಿತು.

ಇದೇ ಕಾಲದ ಇನ್ನೊಂದು ದಾಖಲೆ, ವಿಜಯನಗರದ ಸದಾಶಿವರಾಯ ಮತ್ತು ಪೋರ್ಚುಗೀಸ್ ಗವರ್ನರ್ ಜುವಾಂವ್ ದೆ ಕಾಸ್ತ್ರೊ ನಡುವಿನ 1547ರ ಒಪ್ಪಂದ. ಗೋವೆಯ ಮೂಲಕ ಬರುವ ಕುದುರೆಗಳು ವಿಜಯನಗರಕ್ಕೆ ಮಾತ್ರ ಸಿಗಬೇಕು, ಅದಕ್ಕೆ ಪ್ರತಿಯಾಗಿ ರಾಜ್ಯದ ಸರಕು ಅಂಕೋಲಾ ಮತ್ತು ಹೊನ್ನಾವರದಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಬೇಕು ಎಂದು ಅದು ಹೇಳಿತು. ಅರಮನೆಗೆ ಕುದುರೆ ಬಂತು. ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯವನ್ನು ಕಳೆದುಕೊಂಡವರು ವರ್ತಕರು. ಒಪ್ಪಂದದ ಲಾಭ ಒಬ್ಬರಿಗೂ ಹೊರೆ ಇನ್ನೊಬ್ಬರಿಗೂ ಹೋಗುವ ಈ ಬಗೆ ಮುಂದೆಯೂ ಮತ್ತೆ ಮತ್ತೆ ಕಾಣುತ್ತದೆ.

1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯ್ದೆಯ ಪಡೆ ಹೊನ್ನಾವರವನ್ನೂ ಬಸರೂರನ್ನೂ ಹಿಡಿಯಿತು. ಊರಿಗೂ ಕಡಲಿಗೂ ನಡುವೆ ಹೊಳೆಯ ಬದಿಯಲ್ಲಿ ಕೋಟೆ ಎದ್ದಿತು.

ಕೆಳದಿ ಅರಸರ ಕಾಲ

ಪೋರ್ಚುಗೀಸರೊಂದಿಗೆ ಸರಿಸಮನಾಗಿ ಕುಳಿತು ಮಾತಾಡಿದವರು ಕೆಳದಿಯ ನಾಯಕರು. ಮೆಣಸು ಬೆಳೆಯುವ ಘಟ್ಟವೂ ಅಕ್ಕಿ ಬೆಳೆಯುವ ಕರಾವಳಿಯೂ ಅವರ ಕೈಯಲ್ಲಿದ್ದವು. 1623ರಲ್ಲಿ ಗೋವೆಯ ರಾಯಭಾರಿ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದಾಗ ಅವನ ಜತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಭೇಟಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ವ್ಯಾಪಾರ ಬೇಕೆನ್ನುವವರು ಘಟ್ಟ ಹತ್ತಿ ಬಂದು ಅರಸನ ಸಮಯಕ್ಕೆ ಕಾಯಬೇಕಿತ್ತು ಎಂಬುದು ಆ ಬರಹದಿಂದ ತಿಳಿಯುತ್ತದೆ. 1631ರಲ್ಲಿ ಪೋರ್ಚುಗೀಸರು ವೀರಭದ್ರ ನಾಯಕನೊಂದಿಗೆ ಒಪ್ಪಂದ ಮಾಡಿಕೊಂಡರು. ಶಿವಪ್ಪ ನಾಯಕ 1652 ಮತ್ತು 1654ರ ನಡುವೆ ಗಂಗೊಳ್ಳಿ, ಬಸರೂರು ಮತ್ತು ಹೊನ್ನಾವರದ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ.

ಕೋಟೆ ಹೋದರೂ ವ್ಯಾಪಾರ ನಿಲ್ಲಲಿಲ್ಲ. ಗೋವೆಗೆ ಅಕ್ಕಿ ಬೇಕೇ ಬೇಕಿತ್ತು, ಕೆಳದಿಗೆ ಸುಂಕ ಬೇಕಿತ್ತು. ಬಸರೂರು ಎಷ್ಟು ಸಂಪನ್ನವಾಗಿತ್ತೆಂದರೆ 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಬಂದು ಅದನ್ನು ಲೂಟಿ ಮಾಡಿದ. 1713ರಲ್ಲಿ ಗೋವೆಯ ನೌಕಾಪಡೆ ಬಸರೂರು, ಕಲ್ಯಾಣಪುರ ಮೊದಲಾದ ಬಂದರುಗಳ ಮೇಲೆರಗಿತು. ಮರುವರ್ಷ ಸಂಧಿಯಾಯಿತು. ಮಾತುಕತೆಯ ಹಿಂದೆಯೇ ತೋಪು ನಿಂತಿದ್ದರೆ ಅಂಥ ಒಪ್ಪಂದವನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ.

ಕಂಪನಿಯೇ ದೊರೆಯಾದಾಗ

1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಹೈದರಾಲಿಯ ವಶವಾಯಿತು. ಕರಾವಳಿಯ ಮೆಣಸಿಗಾಗಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಅವನಿಂದ ವ್ಯಾಪಾರದ ಸವಲತ್ತು ಪಡೆಯಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ ಕಂಪನಿಗೂ ಹೈದರಾಲಿಯ ಮಗ ಟಿಪ್ಪುವಿಗೂ ನಡುವಿನ ಯುದ್ಧ ನಿಲ್ಲಿಸಿದ್ದಲ್ಲದೆ ಆ ಸವಲತ್ತುಗಳನ್ನೂ ಮರಳಿ ದೃಢಪಡಿಸಿತು. ಟಿಪ್ಪು ಮಾತ್ರ ಅಲ್ಲಿಗೆ ಸುಮ್ಮನಾಗಲಿಲ್ಲ. ಮೆಣಸು ಮತ್ತು ಶ್ರೀಗಂಧದ ವ್ಯಾಪಾರವನ್ನು ಸರ್ಕಾರದ ಹಿಡಿತಕ್ಕೆ ತಂದು, ಮಸ್ಕತ್ತಿನಲ್ಲಿ ತನ್ನದೇ ಕೋಠಿ ನಡೆಸಿದ. ಯೂರೋಪಿನ ಕಂಪನಿಗಳನ್ನು ಅವುಗಳ ದಾರಿಯಲ್ಲೇ ಎದುರಿಸುವ ಯತ್ನವದು. ಆದರೆ ಸರ್ಕಾರವೇ ಏಕೈಕ ಖರೀದಿದಾರನಾದಾಗ ಬೆಳೆಗಾರನಿಗೂ ಸ್ಥಳೀಯ ವರ್ತಕನಿಗೂ ಚೌಕಾಸಿಯ ದಾರಿ ಮುಚ್ಚಿತು. ಸಾರ್ವಭೌಮತ್ವವನ್ನು ಅರಮನೆಯಿಂದ ಮಾತ್ರ ಅಳೆಯಬಾರದು ಎಂಬುದಕ್ಕೆ ಇದೊಂದು ಪಾಠ.

1799ರಲ್ಲಿ ಈ ಕರಾವಳಿಯನ್ನೊಳಗೊಂಡ ಕೆನರಾ ಕಂಪನಿಯ ಪಾಲಾಯಿತು. ಥಾಮಸ್ ಮನ್ರೊ ಅದರ ಮೊದಲ ಕಲೆಕ್ಟರ್. ವ್ಯಾಪಾರದ ಅನುಮತಿ ಕೇಳಿ ಬಂದ ಸಂಸ್ಥೆಯೇ ಕಂದಾಯ ಎತ್ತುವ, ನ್ಯಾಯ ಹೇಳುವ, ಸುಂಕ ಗೊತ್ತುಮಾಡುವ ಸರ್ಕಾರವಾಯಿತು. ಲಂಡನ್ನಿನ ಪಾಲುದಾರರಿಗೆ ಲಾಭ ಹಂಚುವ ಕಂಪನಿ ಇಲ್ಲಿನ ಪ್ರಜೆಗೆ ದೊರೆಯಾಯಿತು. ಮುಂದೆ ಭಾರತದಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ಎದ್ದ ಅಂಜಿಕೆಗೆಲ್ಲ ಬೇರು ಈ ನೆನಪಿನಲ್ಲಿದೆ.

ಬೀಜದ ಹೋರಾಟ

ಸ್ವತಂತ್ರ ಭಾರತದಲ್ಲಿ ಈ ಚರ್ಚೆಯನ್ನು ಬೀದಿಗೆ ತಂದದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ. ವಿಶ್ವ ವ್ಯಾಪಾರ ಸಂಸ್ಥೆಯ ಹುಟ್ಟಿಗೆ ಕಾರಣವಾದ ಗ್ಯಾಟ್ ಮಾತುಕತೆಯ ಡಂಕೆಲ್ ಕರಡಿನಲ್ಲಿದ್ದ ಬೌದ್ಧಿಕ ಆಸ್ತಿಯ ನಿಯಮಗಳು ರೈತರ ಬೀಜದ ಹಕ್ಕನ್ನು ಕಿತ್ತುಕೊಳ್ಳುತ್ತವೆ ಎಂದು ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಹಳ್ಳಿಹಳ್ಳಿಗೆ ಹೋಗಿ ವಿವರಿಸಿದರು. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಕಟ್ಟಡ ಒಡೆದರು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟರು. ಆಸ್ತಿ ನಾಶದ ಈ ದಾರಿಯನ್ನು ಹಲವರು ಖಂಡಿಸಿದರು. ಆದರೂ ಜಿನೀವಾದಲ್ಲಿ ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತುಕತೆ ಕನ್ನಡದ ಹಳ್ಳಿಕಟ್ಟೆಯ ಮಾತಾದದ್ದು ಈ ಹೋರಾಟದಿಂದಲೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ಉಳಿಸಿತು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದೊಳಗೇ ಇಂಥ ಜಾಗ ಕಂಡುಕೊಳ್ಳಲು ಸಾಧ್ಯವಾಯಿತು.

ಆಳಸಮುದ್ರದ ಪರವಾನಗಿ

ಕರಾವಳಿಗೆ ತಟ್ಟಿದ್ದು 1991ರ ಆಳಸಮುದ್ರ ಮೀನುಗಾರಿಕೆ ನೀತಿ. ವಿದೇಶಿ ಕಂಪನಿಗಳೊಂದಿಗೆ ಜಂಟಿ ಉದ್ಯಮಕ್ಕೂ ಗುತ್ತಿಗೆ ಹಡಗುಗಳಿಗೂ ಅದು ಬಾಗಿಲು ತೆರೆಯಿತು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದಾಗ ಊರವರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಮೂಲೆಗೆ ಸರಿದದ್ದನ್ನು ಕಂಡ ತೀರವಿದು. ದೊಡ್ಡ ಬಲೆ ಬಂದರೆ ಸಣ್ಣ ಬಲೆಯ ಗತಿಯೇನೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಥಾಮಸ್ ಕೊಚ್ಚೇರಿ ಮುಂದಾಳತ್ವದ ರಾಷ್ಟ್ರೀಯ ಮೀನುಗಾರರ ವೇದಿಕೆ 1994ರಲ್ಲಿ ದೇಶದ ಕರಾವಳಿಯುದ್ದಕ್ಕೂ ಮುಷ್ಕರ ನಡೆಸಿತು. ಕೇಂದ್ರ ಸರ್ಕಾರ ನೇಮಿಸಿದ ಮುರಾರಿ ಸಮಿತಿ 1996ರಲ್ಲಿ ವರದಿ ಕೊಟ್ಟಿತು. ಇಂಥ ಹಡಗುಗಳ ಪರವಾನಗಿಗಳನ್ನು ರದ್ದು ಮಾಡಬೇಕೆಂಬುದು ಅದರ ಮುಖ್ಯ ಶಿಫಾರಸು.

ಸೀಗಡಿ ಮತ್ತು ಕಡಲಾಮೆ

ಕೋಡಿಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಊರವರು ಮತ್ತು ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ನಾಯಿ-ನರಿಗಳಿಂದ ಕಾಯುತ್ತಾರೆ. ಸುಮಾರು ಒಂದೂವರೆ ತಿಂಗಳಿಗೆ ಮರಳು ಸಡಿಲಾಗಿ, ಅಂಗೈಗಿಂತ ಚಿಕ್ಕ ಮರಿಗಳು ಒಂದರ ಬೆನ್ನಿಗೊಂದು ಮೇಲೆದ್ದು ಕಡಲಿನತ್ತ ತೆವಳುತ್ತವೆ.

ಇದೇ ಆಮೆಯ ಹೆಸರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಪ್ರಸಿದ್ಧ ವ್ಯಾಜ್ಯವೊಂದು ನಡೆಯಿತು. ಟ್ರಾಲ್ ಬಲೆಯ ಕೊರಳಿಗೆ ಲೋಹದ ಕಂಬಿಗಳ ಚೌಕಟ್ಟು ಕಟ್ಟಿದರೆ ಸೀಗಡಿ ಕಂಬಿಗಳ ನಡುವೆ ನುಸುಳಿ ಬಲೆಯ ತುದಿ ಸೇರುತ್ತದೆ, ಆಮೆ ಚೌಕಟ್ಟಿಗೆ ತಗಲಿ ಮೇಲಿನ ಅಥವಾ ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ. ಈ ಸಾಧನವಿಲ್ಲದ ದೇಶಗಳ ಸೀಗಡಿಯನ್ನು ಅಮೆರಿಕ 1996ರಲ್ಲಿ ತಡೆಯಿತು. ಭಾರತ, ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ದೂರು ಕೊಟ್ಟವು. 1998ರ ಅಕ್ಟೋಬರಿನಲ್ಲಿ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿತು. ಆಮೆಯನ್ನು ಉಳಿಸುವ ಗುರಿ ನ್ಯಾಯವಾದದ್ದೇ, ಆದರೆ ಕೆಲವು ದೇಶಗಳೊಂದಿಗೆ ಕುಳಿತು ಮಾತಾಡಿ, ಇನ್ನು ಕೆಲವರ ಮೇಲೆ ನೇರ ನಿಷೇಧ ಹೇರಿದ್ದು ಪಕ್ಷಪಾತ ಎಂದಿತು. ಅಮೆರಿಕ ಬಳಿಕ ಮಾತುಕತೆಗೆ ಮನಸ್ಸು ಮಾಡಿ ನಿಯಮ ಸಡಿಲಿಸಿದಾಗ, 2001ರಲ್ಲಿ ಅದೇ ಮಂಡಳಿ ಅದನ್ನು ಒಪ್ಪಿತು. ಆದರೂ 2019ರಿಂದ ಭಾರತದ ಕಡಲ ಸೀಗಡಿಗೆ ಅಮೆರಿಕದ ಬಾಗಿಲು ಮತ್ತೆ ಮುಚ್ಚಿದೆ. ಆಮೆಯ ಗೂಡು ಕಾಯುವ ಊರಿಗೂ ಸೀಗಡಿ ಹಿಡಿಯುವ ಊರಿಗೂ ಇಲ್ಲಿ ಅಂತರವಿಲ್ಲ. ಆಮೆಯೂ ಉಳಿಯಬೇಕು, ಹೊಟ್ಟೆಪಾಡೂ ನಡೆಯಬೇಕು ಎನ್ನುವ ಜನರನ್ನು ಜತೆಗೆ ಕೂರಿಸಿಕೊಂಡಿದ್ದರೆ ಈ ಸಾಧನ ಎಂದೋ ಬಲೆ ಸೇರುತ್ತಿತ್ತು.

ಸಬ್ಸಿಡಿಯ ಚರ್ಚೆ

2022ರ ಜೂನ್ 17ರಂದು ಜಿನೀವಾದಲ್ಲಿ ಒಪ್ಪಿಗೆಯಾದ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ ಮತ್ತು ಮಿತಿಮೀರಿ ಬರಿದಾದ ಮೀನುಸಂಪತ್ತಿನ ಬೇಟೆಗೆ ಸಬ್ಸಿಡಿ ನಿಲ್ಲಿಸುವುದು ಅದರ ತಿರುಳು. ಅತಿಯಾದ ಹಡಗು ಸಾಮರ್ಥ್ಯ ಬೆಳೆಸುವ ಸಬ್ಸಿಡಿಯ ವಿಚಾರ ಇನ್ನೂ ಬಗೆಹರಿದಿಲ್ಲ. 2024ರ ಅಬುಧಾಬಿ ಸಮ್ಮೇಳನದಲ್ಲೂ ಒಮ್ಮತ ಬರಲಿಲ್ಲ. ದೂರದ ಕಡಲಿಗೆ ಹಡಗು ಕಳಿಸುವ ಶ್ರೀಮಂತ ದೇಶಗಳು ಮೊದಲು ಸಬ್ಸಿಡಿ ನಿಲ್ಲಿಸಲಿ, ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷಗಳ ಕಾಲಾವಕಾಶ ಬೇಕು ಎಂಬುದು ಭಾರತದ ವಾದ.

ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಮತ್ತು ನಾಡದೋಣಿಗಳಿಗೆ ಸಬ್ಸಿಡಿ ದರದ ಸೀಮೆಎಣ್ಣೆ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದಾಗ ಮಳೆಗಾಲದ ಕಡಲಿಗಿಳಿಯುವುದು ನಾಡದೋಣಿಗಳೇ. ಬೈಗೆ, ಬಂಗಡೆ, ಸೀಗಡಿಯ ಆಸೆಯಿಂದ ಅಲೆ ಸೀಳಿ ಅಳಿವೆ ದಾಟುವ ಈ ದೋಣಿಯ ಸೀಮೆಎಣ್ಣೆಯನ್ನೂ, ತಿಂಗಳುಗಟ್ಟಲೆ ದಡ ಕಾಣದೆ ಮಹಾಸಾಗರ ಜಾಲಾಡುವ ಕಾರ್ಖಾನೆ ಹಡಗಿನ ಇಂಧನವನ್ನೂ ಒಂದೇ ಪದದಿಂದ ಕರೆಯುವುದು ಅನ್ಯಾಯ. ಮೀನು ಬರಿದಾಗುತ್ತಿರುವ ಆತಂಕವೂ ಅಷ್ಟೇ ನಿಜ. ಅದನ್ನು ಎಲ್ಲರಿಗಿಂತ ಮೊದಲು ಅರಿತವರು ಖಾಲಿ ಬಲೆ ಎಳೆದವರು.

ಸಂವಿಧಾನದ ಪ್ರಶ್ನೆ

ಭಾರತದಲ್ಲಿ ವಿದೇಶಿ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರದ ಅಧಿಕಾರ. ಕೃಷಿ ಮತ್ತು ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿವೆ. ಪ್ರಾದೇಶಿಕ ಜಲಸೀಮೆಯಾಚೆಗಿನ ಮೀನುಗಾರಿಕೆ ಮತ್ತೆ ಕೇಂದ್ರಕ್ಕೆ ಸೇರಿದ್ದು. ಒಪ್ಪಂದವನ್ನು ಜಾರಿ ಮಾಡಲು ರಾಜ್ಯದ ವಿಷಯಗಳಲ್ಲೂ ಸಂಸತ್ತು ಕಾನೂನು ಮಾಡಬಹುದು ಎಂದು 253ನೆಯ ವಿಧಿ ಹೇಳುತ್ತದೆ. ಆದರೆ ರುಜುವಿಗೆ ಮುಂಚೆ ಸಂಸತ್ತಿನ ಅಥವಾ ರಾಜ್ಯಗಳ ಒಪ್ಪಿಗೆ ಕಡ್ಡಾಯವಲ್ಲ. ಜನರ ದನಿ ಕೇಳಿಸಿದರೆ ಏನಾಗಬಹುದೆಂಬುದಕ್ಕೆ 2019ರ ನವೆಂಬರ್ 4 ಉದಾಹರಣೆ. ದೇಶದ ಹಾಲು ಉತ್ಪಾದಕರ ವಿರೋಧವೂ ಜೋರಾಗಿದ್ದ ಹೊತ್ತಿನಲ್ಲಿ ಭಾರತ ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು.

ಈ ಕರಾವಳಿ ಎಂದೂ ಹೊರಗಿನ ವ್ಯಾಪಾರಕ್ಕೆ ಬೆನ್ನು ತಿರುಗಿಸಿದ ಊರಲ್ಲ. ಅದರ ಸಿರಿ ಬೆಳೆದದ್ದೇ ಕಡಲಾಚೆಯ ಗಿರಾಕಿಗಳಿಂದ. ಇಲ್ಲಿನ ತಕರಾರು ಕೇಳದೆ ಬರೆದ ಕರಾರಿನ ಮೇಲೆ. ಕೋಡಿಯಿಂದ ಹೊರಟ ದೋಣಿ 12 ನಾಟಿಕಲ್ ಮೈಲು ದಾಟಿದೊಡನೆ ರಾಜ್ಯದ ಕಾನೂನಿನಿಂದ ಕೇಂದ್ರದ ಕಾನೂನಿಗೆ, 200 ಮೈಲು ದಾಟಿದರೆ ಜಗತ್ತಿನ ಕಾನೂನಿಗೆ ಒಳಪಡುತ್ತದೆ. ನೀರಿನ ಮೇಲೆ ಆ ಗೆರೆಗಳು ಕಾಣುವುದಿಲ್ಲ. ದೋಣಿಯಲ್ಲಿರುವವರು ಮಾತ್ರ ಮೂರೂ ಕಡೆ ಅವರೇ. ಒಪ್ಪಂದದ ಮೇಜಿನಲ್ಲಿ ಅವರಿಗೂ ಒಂದು ಆಸನವಿರಬೇಕೆಂಬುದು ಐದು ನೂರು ವರ್ಷಗಳಿಂದ ಬಾಕಿಯಿರುವ ಬೇಡಿಕೆ.