ಮಲಪ್ರಭೆಯ ಸೀಮೆಯಲ್ಲಿ ಎಚ್‌ಐವಿ: ದೇಹದೊಳಗಿನ ವೈರಸ್ಸಿನ ಲೆಕ್ಕ

ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಮಲಪ್ರಭಾ ನದಿ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಜನ ಮುಂಬೈ, ಪುಣೆಗೆ ದುಡಿಯಲು ಹೋಗುವುದು ಹಳೆಯ ರೂಢಿ. ಸವದತ್ತಿಯ ಎಲ್ಲಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯರಾಗಿಸುವ ಪದ್ಧತಿ ಬಡ ದಲಿತ ಮನೆಗಳ ಅನೇಕ ಹೆಣ್ಣುಮಕ್ಕಳನ್ನು ಅದೇ ನಗರಗಳ ವೇಶ್ಯಾವಾಟಿಕೆಗೆ ದೂಡಿತು. ಮುಂಬೈ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರಲ್ಲಿ ಇದರ ವಿರುದ್ಧ ಕಾಯ್ದೆ ತಂದವು. ಆದರೂ ಪದ್ಧತಿ ಕದ್ದುಮುಚ್ಚಿ ನಡೆಯಿತು. ಸೋಂಕು ತಗುಲಿದವರಿಗೆ ರೋಗಕ್ಕಿಂತ ಮೊದಲು ಎದುರಾದದ್ದು ಊರವರ ತಿರಸ್ಕಾರ.

ಸೋಂಕು ತಗುಲಿ ಹಲವು ವರ್ಷ ರೋಗಿ ಆರೋಗ್ಯವಾಗಿಯೇ ಕಾಣುತ್ತಾನೆ. ಈ ಅವಧಿಯಲ್ಲಿ ವೈರಸ್ ಹೆಚ್ಚುಕಡಿಮೆ ಸುಮ್ಮನಿರುತ್ತದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1995ರಲ್ಲಿ ಅಮೆರಿಕದ ಡೇವಿಡ್ ಹೋ, ಜಾರ್ಜ್ ಶಾ ಅವರ ತಂಡಗಳು ಈ ನಂಬಿಕೆಯನ್ನು ಅಳಿಸಿದವು. ಅವರ ತರ್ಕಕ್ಕೊಂದು ಹೋಲಿಕೆ: ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯದಲ್ಲಿ ಒಳಹರಿವು, ಹೊರಹರಿವು ಸಮನಾಗಿದ್ದರೆ ಮಟ್ಟ ಕದಲುವುದಿಲ್ಲ. ಒಳಹರಿವು ನಿಂತಾಗಲೇ ಹೊರಹರಿವಿನ ವೇಗ ತಿಳಿಯುತ್ತದೆ. ಹಾಗೆಯೇ ಔಷಧಿಯಿಂದ ವೈರಸ್ ಉತ್ಪಾದನೆ ತಡೆದಾಗ ರಕ್ತದಲ್ಲಿ ಅದರ ಪ್ರಮಾಣ ದಿನಗಳಲ್ಲೇ ಕುಸಿಯಿತು. ಸೈದ್ಧಾಂತಿಕ ಜೀವವಿಜ್ಞಾನಿ ಅಲನ್ ಪೆರೆಲ್ಸನ್ ಆರೋಗ್ಯವಂತ ಕೋಶ, ಸೋಂಕಿತ ಕೋಶ, ಬಿಡಿ ವೈರಸ್ ಎಂಬ ಮೂರು ಪ್ರಮಾಣಗಳನ್ನು ಅವಕಲ ಸಮೀಕರಣಗಳಲ್ಲಿ ಹಿಡಿದರು. 1996ರಲ್ಲಿ ಹೊರಬಂದ ಲೆಕ್ಕದಂತೆ ಒಬ್ಬ ರೋಗಿಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ವೈರಸ್‌ಗಳು ಹುಟ್ಟಿ ಸಾಯುತ್ತವೆ. ಸೋಂಕಿತ ಕೋಶದ ಅರ್ಧಾಯುಷ್ಯ ಸುಮಾರು ಒಂದೂವರೆ ದಿನ.

ರೂಪಾಂತರದ ಗುಟ್ಟೂ ಇದೇ ಲೆಕ್ಕದಲ್ಲಿದೆ. ಎಚ್‌ಐವಿಯ ಆನುವಂಶಿಕ ಬರಹದಲ್ಲಿ ಸುಮಾರು 10,000 ಅಕ್ಷರಗಳಿವೆ. ನಕಲು ಮಾಡುವಾಗ ಸುಮಾರು 30,000 ಅಕ್ಷರಗಳಿಗೊಂದು ತಪ್ಪಾಗುತ್ತದೆ. ಹಾಗಾಗಿ ಒಂದೊಂದು ಅಕ್ಷರದ ಬದಲಾವಣೆಗಳೆಲ್ಲ ದಿನವೂ ಎಲ್ಲೋ ಹುಟ್ಟುತ್ತಿರುತ್ತವೆ. 1987ರಲ್ಲಿ ಬಂದ ಔಷಧಿ ಎಜಡ್‌ಟಿಯನ್ನು ಒಂಟಿಯಾಗಿ ಕೊಟ್ಟಾಗ ಅದು ಬೇಗ ಸೋತದ್ದು ಇದರಿಂದಲೇ. ಆದರೆ ಗೊತ್ತಾದ ಮೂರು ಬದಲಾವಣೆಗಳು ಒಂದೇ ವೈರಸ್ಸಿನಲ್ಲಿ ಒಮ್ಮೆಲೇ ಕೂಡುವ ಸಾಧ್ಯತೆ ಸುಮಾರು 27 ಲಕ್ಷ ಕೋಟಿಗೆ ಒಂದು. ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮಕ್ಕೆ ಇದು ಭದ್ರ ಆಧಾರವಾಯಿತು.

1997ರಲ್ಲಿ ಪೆರೆಲ್ಸನ್ ತಂಡ, ಎರಡು-ಮೂರು ವರ್ಷದ ಚಿಕಿತ್ಸೆಯಿಂದ ವೈರಸ್ಸನ್ನು ಪೂರ್ತಿ ನಿರ್ಮೂಲ ಮಾಡಬಹುದೆಂದು ಅಂದಾಜಿಸಿತ್ತು. ಆದರೆ ರೋಗನಿರೋಧಕ ವ್ಯವಸ್ಥೆಯ ನೆನಪಿನ ಕೋಶಗಳಲ್ಲಿ ಅಡಗಿ ಕೂರುವ ವೈರಸ್ 44 ತಿಂಗಳಿಗೆ ಅರ್ಧ ಮಾತ್ರ ಕರಗುತ್ತದೆಂದು 1999ರಲ್ಲಿ ತಿಳಿಯಿತು. ಆ ಲೆಕ್ಕದಲ್ಲಿ ನಿರ್ಮೂಲನೆಗೆ ಸುಮಾರು 60 ವರ್ಷ ಬೇಕಾದೀತು. ಗುಳಿಗೆಯನ್ನು ಜೀವನಪೂರ್ತಿ ಬಿಡಬಾರದೆನ್ನುವುದು ಇದಕ್ಕಾಗಿ.

ಕರ್ನಾಟಕದಲ್ಲಿ ವೈರಸ್ಸಿನ ಈ ಗಣಿತವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರೇಂದ್ರ ದೀಕ್ಷಿತ್ ಬೆಳೆಸಿದ್ದಾರೆ. ಪೆರೆಲ್ಸನ್ ಜೊತೆ ದುಡಿದ ಅವರು ಎಚ್‌ಐವಿ, ಹೆಪಟೈಟಿಸ್ ಸಿ, ಮುಂದೆ ಕೋವಿಡ್ ವೈರಸ್ಸಿನ ನಡೆಯನ್ನೂ ಸಮೀಕರಣಗಳಲ್ಲಿ ಅಧ್ಯಯನ ಮಾಡಿದರು.

ದೇಶದಲ್ಲಿ ವೈರಸ್ ತಡೆಯುವ ಔಷಧಿಗಳ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್ 1ರಂದು ಶುರುವಾಯಿತು. 2017ರಿಂದ ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ, ರೋಗನಿರೋಧಕ ಸಿಡಿ4 ಕೋಶಗಳ ಎಣಿಕೆ ಎಷ್ಟೇ ಇರಲಿ, ಔಷಧಿ ಸಿಗುತ್ತಿದೆ. ಇಂದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಒಂದೇ ಗುಳಿಗೆಯಲ್ಲಿವೆ. ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆಗ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ನಡುನಡುವೆ ಬಿಟ್ಟರೆ ಔಷಧಿಗೆ ಬಗ್ಗದ ತಳಿಗಳು ತಲೆಯೆತ್ತುತ್ತವೆ.