ಅಂಧಕಾಸುರ ರಂಗೋಲಿ, ನಂಜನಗೂಡು

ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ ಧನುರ್ಮಾಸದ ಅಂಧಕಾಸುರ ಸಂಹಾರ ಆಚರಣೆಗಾಗಿ ಬೀದಿಯಲ್ಲಿ ಬರೆಯುವ ರಾಕ್ಷಸನ ಚಿತ್ರ. ಇಲ್ಲಿನ ಶಿವನಾದ ಶ್ರೀಕಂಠೇಶ್ವರನ ಉತ್ಸವಮೂರ್ತಿ ರಾಕ್ಷಸ ಮಂಟಪದ ವೃತ್ತಕ್ಕೆ ಬಂದಾಗ, ಅದನ್ನು ಹೊತ್ತವರು ರಂಗೋಲಿಯನ್ನು ತುಳಿದು ಅಳಿಸುತ್ತಾರೆ, ಅದೇ ಸಂಹಾರ. ಶಿವನೊಡನೆ ಕಾದಾಡುವಾಗ ಅಂಧಕನಿಂದ ನೆಲಕ್ಕೆ ಬಿದ್ದ ಒಂದೊಂದು ರಕ್ತದ ಹನಿಯಿಂದಲೂ ಮತ್ತೊಬ್ಬ ಅಂಧಕ ಹುಟ್ಟುತ್ತಿದ್ದನೆಂಬ ಶೈವ ಪುರಾಣ ಕಥೆ ಇದರ ಹಿನ್ನೆಲೆ.

ವಿವಾದ: 2023ರ ಡಿಸೆಂಬರ್‌ನಲ್ಲಿ ದಲಿತ ಸಂಘಟನೆಗಳ ಕಾರ್ಯಕರ್ತರು, ತುಳಿಯಲಾಗುತ್ತಿರುವುದು ಮಹಿಷಾಸುರನ ಚಿತ್ರ ಎಂದು ಆಕ್ಷೇಪಿಸಿದರು. ಭಕ್ತರು ಅದು ಅಂಧಕನದೆಂದೂ ಆಚರಣೆ ಹಳೆಯದೆಂದೂ ವಾದಿಸಿದರು. ತಳ್ಳಾಟ ನಡೆದು, ಉತ್ಸವಮೂರ್ತಿಗೆ ನೀರು ಎರಚಿದ ಆರೋಪ ಬಂದು, ಪೊಲೀಸ್ ಪ್ರಕರಣ ದಾಖಲಾಯಿತು.

ಹಿನ್ನೆಲೆ: ಪುರಾಣದಲ್ಲಿ ಮಹಿಷಾಸುರ ಚಾಮುಂಡಿ ದೇವಿ ಕೊಂದ ಅಸುರ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಮಹಿಷಾಸುರ, ಪ್ರವಾಸಿಗರಿಗೆ ಬಣ್ಣದ ಪ್ರತಿಮೆ. ಆದರೆ ಅವನನ್ನು ಗೌರವಿಸಲು ಮಹಿಷ ದಸರಾ ಆಚರಿಸುವವರಿಗೆ ಆತ ಈ ನಾಡಿನ ಮೂಲನಿವಾಸಿ ದೊರೆ, ಬೌದ್ಧ ಪರಂಪರೆಯವನು. ಹೀಗಾಗಿ ಅಸುರನ ಚಿತ್ರವನ್ನು ತುಳಿಯುವುದು ಒಬ್ಬರಿಗೆ ಪೂಜೆಯ ಭಾಗ, ಮತ್ತೊಬ್ಬರಿಗೆ ಪೂರ್ವಜನಿಗೆ ಮಾಡುವ ಅವಮಾನ.

ಹೋಲಿಕೆ: ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್, ಡೆರಿ ನಗರಗಳಲ್ಲಿ ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಬಡಾವಣೆಗಳು ತಂತಮ್ಮ ವೀರರನ್ನು ಮನೆಗೋಡೆಗಳ ಮೇಲೆ ಬರೆಸಿ, ಆಗಾಗ ಬಣ್ಣ ಬಳಿದು ಉಳಿಸಿಕೊಳ್ಳುತ್ತವೆ. ನಂಜನಗೂಡಿನ ಚಿತ್ರ ಇದಕ್ಕೆ ತದ್ವಿರುದ್ಧ: ಬರೆಯುವುದೇ ಅಳಿಸುವುದಕ್ಕೆ. ಆದರೆ ಎರಡೂ ಕಡೆ ಪ್ರಶ್ನೆ ಒಂದೇ: ಬೀದಿ ಯಾರ ನೆನಪಿಗೆ ಸೇರಿದ್ದು?